ಬೈಬಲ್, ಡಾರ್ವಿನ್: ಒಂದನ್ನು ಬಿಡಲೇಬೇಕಾ?

ಪಿಯುಸಿಯಲ್ಲಿ ಜೀವವಿಕಾಸದ ಪಾಠ ಓದಿದ ಮಗಳು "ಇದನ್ನು ಒಪ್ಪಿದರೆ ಬೈಬಲ್ ಬಿಟ್ಟ ಹಾಗೆಯೇ?" ಅಂತ ಕೇಳಿದಳು, ಏನು ಹೇಳಲಿ ಅಂದಿದ್ದೀರಿ. ಇಲ್ಲಮ್ಮ ಅಂತ ಧೈರ್ಯವಾಗಿ ಹೇಳಿ.

ಅಮೆರಿಕದಲ್ಲಿ ಡಾರ್ವಿನ್ ಬೆನ್ನಿಗೆ ನಿಂತ ಏಸಾ ಗ್ರೇ ಹಾರ್ವರ್ಡ್‌ನ ಸಸ್ಯವಿಜ್ಞಾನಿ, ಶ್ರದ್ಧೆಯುಳ್ಳ ಕ್ರೈಸ್ತರು. ದೇವರನ್ನು ಗಾಢವಾಗಿ ನಂಬುವವರು ವಿಕಾಸವನ್ನೂ ಒಪ್ಪಬಹುದು ಅಂತ 1879ರಲ್ಲಿ ಡಾರ್ವಿನ್ನೇ ಒಂದು ಪತ್ರದಲ್ಲಿ ಬರೆದರು. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಗ್ರೇ ಹೆಸರೂ ಇತ್ತು. ವಿಕಾಸವಾದ ಬರೀ ಊಹೆಯಲ್ಲ, ಅದಕ್ಕಿಂತ ಹೆಚ್ಚಿನದು ಅಂತ 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವನ್ನು ಇಬ್ಬರೂ ಕೂತು ನಿಧಾನವಾಗಿ ಓದಿ. ಬೆಳಕು ಮೊದಲ ದಿನ, ಸೂರ್ಯ ನಾಲ್ಕನೇ ದಿನ! ಸೂರ್ಯನೇ ಇಲ್ಲದೆ ಮೂರು ದಿನ ಸಂಜೆ, ಬೆಳಗು ಆಗೋದು ಹೇಗೆ? ಸಂತ ಆಗಸ್ಟೀನ್ ಡಾರ್ವಿನ್‌ಗಿಂತ 1400 ವರ್ಷ ಮೊದಲೇ ಇದನ್ನು ಗಮನಿಸಿ, ಇವು ನಮ್ಮ ಮಾಮೂಲಿ ದಿನಗಳಲ್ಲ ಅಂದಿದ್ದರು.

ವಿಜ್ಞಾನದ ಸಾಕ್ಷಿಯನ್ನೂ ತೋರಿಸಿ. ಚಿಂಪಾಂಜಿಗೆ 24 ಜೊತೆ ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆ), ನಮಗೆ 23. ನಮ್ಮ ಎರಡನೇ ಕ್ರೋಮೋಸೋಮಿನ ನಡುವೆ, ತುದಿಯಲ್ಲಷ್ಟೇ ಇರಬೇಕಾದ ಟೆಲೋಮಿಯರ್ ಗುರುತುಗಳಿವೆ. ನಮ್ಮ ಪೂರ್ವಜರಲ್ಲಿ ಬೇರೆ ಬೇರೆಯಾಗಿದ್ದ ಎರಡು ಕ್ರೋಮೋಸೋಮ್ ಸೇರಿ ಒಂದಾದ ಜಾಗ ಅದು. ಮನುಷ್ಯನ ಪೂರ್ತಿ ಡಿಎನ್‌ಎಯನ್ನು ಓದಿದ ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಇದನ್ನು ಒಪ್ಪುತ್ತಾರೆ, ಯೇಸುವನ್ನೂ ನಂಬುತ್ತಾರೆ.

ಆದಾಮ ನಿಜವಾಗಿ ಇದ್ದನೇ, ಅವನ ಪಾಪದಿಂದಲೇ ಮರಣ ಬಂತೇ ಅನ್ನೋ ಪ್ರಶ್ನೆ ಮಾತ್ರ ನಿಜಕ್ಕೂ ಕಷ್ಟದ್ದು. ಅಲ್ಲಿ ಕ್ರೈಸ್ತರಲ್ಲೇ ಒಮ್ಮತ ಇಲ್ಲ. ಅದನ್ನು ಮಗಳಿಂದ ಮುಚ್ಚಿಡಬೇಡಿ.