ಅಕೌಂಟಿಂಗ್ ಓದಲು ಲಿಬರಲ್ ಆರ್ಟ್ಸ್ ಕಾಲೇಜಿಗೆ ಹೋಗಬಹುದೇ?

ಪಿಯುಸಿ ಕಾಮರ್ಸ್ ಮುಗಿಯುತ್ತಿದೆ, ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಅಕೌಂಟಿಂಗ್, ಫೈನಾನ್ಸ್ ಓದುವ ಆಸೆ, ಮನೆಯವರು ಮಾತ್ರ "ಬಿ.ಕಾಂ. ಜತೆ ಸಿ.ಎ. ಮಾಡು, ಸಾಕು" ಅನ್ನುತ್ತಿದ್ದಾರೆ ಅಂತ ಕೇಳಿದ್ದೀರಿ. ನಾನು ಅಂಥದ್ದೇ, ಅಂದರೆ ಒಂದೇ ವೃತ್ತಿಗೆ ತಯಾರು ಮಾಡುವ ಬದಲು ಸಾಹಿತ್ಯ, ವಿಜ್ಞಾನ, ಸಮಾಜ ಹೀಗೆ ಹಲವು ವಿಷಯ ಓದಿಸುವ ಕಾಲೇಜಿನಲ್ಲಿ ಓದಿ ಈಗ ಆಡಿಟ್ ಕೆಲಸದಲ್ಲಿದ್ದೇನೆ. ಖರ್ಚಿಗೆ ದಾರಿಯಿದ್ದರೆ ಖಂಡಿತ ಹೋಗಿ.

ನಮ್ಮಪ್ಪ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಅವರು ಕಿರ್ದಿ ಬರೆದು ಖಾತೆಗೆ ಏರಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಹಾಗಾಗಿ ಮೊದಲ ಸೆಮಿಸ್ಟರಿನ ಡೆಬಿಟ್, ಕ್ರೆಡಿಟ್ ಕಷ್ಟ ಅನ್ನಿಸಲಿಲ್ಲ. ನನ್ನನ್ನು ಅಲುಗಾಡಿಸಿದ್ದು ಎರಡನೇ ವರ್ಷ ಫಿಲಾಸಫಿ ವಿಭಾಗದಲ್ಲಿ ತೆಗೆದುಕೊಂಡ ಎಥಿಕ್ಸ್ ಕ್ಲಾಸು. ಹದಿನಾಲ್ಕು ಜನರಲ್ಲಿ ಅಕೌಂಟಿಂಗ್‌ನವಳು ನಾನೊಬ್ಬಳೇ. ಒಂದು ವಾರ ಮೇಷ್ಟ್ರು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಸ್ಥಾಪಕ ರಾಮಲಿಂಗ ರಾಜು 2009ರ ಜನವರಿಯಲ್ಲಿ ಬರೆದ ತಪ್ಪೊಪ್ಪಿಗೆ ಪತ್ರ ಓದಿಸಿದರು. ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,000 ಕೋಟಿ ರೂಪಾಯಿಗೂ ಮಿಕ್ಕಿದ ಹಣ ನಿಜದಲ್ಲಿ ಇರಲೇ ಇಲ್ಲ ಅನ್ನುವ ಪತ್ರ. ನನ್ನ ಕಣ್ಣು ಆ ಮೊತ್ತದಲ್ಲೇ ನೆಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ಇತಿಹಾಸದ ಹುಡುಗಿ ಬೇರೆಯದೇ ಸಾಲು ಹಿಡಿದಳು. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಮೊದಲು ಇದ್ದದ್ದು ಅಲ್ಪ ಅಂತರ, ವರ್ಷಗಳು ಕಳೆದಂತೆ ಅದು ಬೆಳೆಯಿತು, ಕೊನೆಗೆ ಹುಲಿ ಸವಾರಿಯಂತಾಯಿತು ಎಂದು ರಾಜು ಬರೆದಿದ್ದರು. "ಅಲ್ಪ ಅಂತ ಆ ಮೊದಲ ವರ್ಷ ತೀರ್ಮಾನ ಮಾಡಿದ್ದು ಯಾರು?" ಅಂತ ಕೇಳಿದಳು.

ಆಡಿಟ್‌ನಲ್ಲಿ ನಾವು ಮಟೀರಿಯಾಲಿಟಿ ಅನ್ನುವುದು ಇದಕ್ಕೇ: ಎಷ್ಟು ತಪ್ಪಿದ್ದರೆ ಲೆಕ್ಕಪತ್ರ ಓದುವವರ ನಿರ್ಧಾರ ಬದಲಾದೀತು ಅನ್ನುವ ಅಳತೆ. ಕ್ಲಾಸಿನಲ್ಲಿ ಅದನ್ನು ಶೇಕಡಾವಾರು ಲೆಕ್ಕವಾಗಿ ಮಾಡಿ ಮುಗಿಸಿದ್ದೆ. ಅದರ ಹಿಂದೆ ಒಬ್ಬ ಮನುಷ್ಯನ ತೀರ್ಮಾನವಿದೆ ಅಂತ ಮನದಟ್ಟು ಮಾಡಿಸಿದವಳು ಅವಳು. ಇವತ್ತಿಗೂ ವರ್ಕಿಂಗ್ ಪೇಪರಿನಲ್ಲಿ (ಆಡಿಟ್ ಮಾಡುವಾಗ ಬರೆದಿಡುವ ಟಿಪ್ಪಣಿ) ಆ ಮೊತ್ತ ಬರೆಯುವಾಗ, ಇಷ್ಟೇ ಯಾಕೆ ಅಂತ ಎರಡು ಸಾಲು ಹೆಚ್ಚಿಗೆ ಬರೆಯುತ್ತೇನೆ.

ಕಾಲೇಜು ಆರಿಸುವಾಗ ಮಾತ್ರ ಹುಷಾರು. ಇಂಥ ಎಷ್ಟೋ ಕಡೆ ಅಕೌಂಟಿಂಗ್ ಮೇಜರ್ (ಪದವಿಯ ಮುಖ್ಯ ವಿಷಯ) ಇರುವುದಿಲ್ಲ, ಎಕನಾಮಿಕ್ಸ್ ಜತೆ ಒಂದೆರಡು ಪೇಪರ್ ಇದ್ದರೆ ಹೆಚ್ಚು. ಹೋಲಿ ಕ್ರಾಸ್‌ನಲ್ಲಿ ಮೇಜರ್ ಇದೆ. ಕ್ಲೇರ್‌ಮಾಂಟ್ ಮೆಕೆನ್ನಾದಲ್ಲಿ ಎಕನಾಮಿಕ್ಸ್, ಅಕೌಂಟಿಂಗ್ ಎರಡನ್ನೂ ಕೂಡಿಸಿದ ಮೇಜರ್. ಇಂಟರ್‌ಮೀಡಿಯೇಟ್ ಅಕೌಂಟಿಂಗ್, ಆಡಿಟಿಂಗ್, ಟ್ಯಾಕ್ಸ್ ಮೂರೂ ಕಲಿಸುತ್ತಾರಾ ಅಂತ ಕೋರ್ಸ್ ಪಟ್ಟಿ ತೆರೆದು ನೋಡಿ. ಸಿಪಿಎ (ನಮ್ಮ ಸಿ.ಎ. ಥರದ ಅಮೆರಿಕದ ಅರ್ಹತೆ) ಲೈಸೆನ್ಸಿಗೆ 150 ಕ್ರೆಡಿಟ್ ಕೇಳುವುದು ವಾಡಿಕೆ, ಡಿಗ್ರಿಯಲ್ಲಿ ಸಿಗುವುದು ಸುಮಾರು 120. ಈಚೆಗೆ ಕೆಲವು ರಾಜ್ಯಗಳು ಉಳಿದ 30ರ ಬದಲು ಹೆಚ್ಚುವರಿ ಕೆಲಸದ ಅನುಭವವನ್ನು ಒಪ್ಪುತ್ತಿವೆ. ನನ್ನ ಕಾಲಕ್ಕೆ ಅದಿರಲಿಲ್ಲ, ಇನ್ನೊಂದು ವರ್ಷ ಮಾಸ್ಟರ್ಸ್ ಓದಬೇಕಾಯಿತು.

ವೀಸಾ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಓದು ಮುಗಿದ ಮೇಲೆ ಒಪಿಟಿ ಅನ್ನುವ, ವಿದ್ಯಾರ್ಥಿ ವೀಸಾದವರಿಗೆ ಸಿಗುವ ಕೆಲಸದ ಅನುಮತಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಾದರೆ ಇನ್ನೂ 24 ತಿಂಗಳು ಸಿಗುತ್ತದೆ. ಬರೀ ಅಕೌಂಟಿಂಗ್ ಸಾಮಾನ್ಯವಾಗಿ ಆ ಪಟ್ಟಿಗೆ ಸೇರುವುದಿಲ್ಲ, ಎಕನಾಮೆಟ್ರಿಕ್ಸ್ (ಅಂಕಿಅಂಶ ಬಳಸುವ ಅರ್ಥಶಾಸ್ತ್ರ) ಅನ್ನುವ ವಿಷಯ ಸಂಖ್ಯೆ, ಅಂದರೆ ಕೋಡ್, ಇರುವ ಎಕನಾಮಿಕ್ಸ್ ಸೇರುತ್ತದೆ. ಮೇಜರ್‌ನ ಕೋಡ್ ಏನು ಅಂತ ಕಾಲೇಜಿಗೇ ಬರೆದು ಕೇಳಿ.

ಮನೆಯವರಿಗೆ ಸಿ.ಎ. ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯವಿದ್ದರೆ, ಹಾಗೇನೂ ಇಲ್ಲ. ಕಾಮರ್ಸ್ ಪದವೀಧರರು 55%, ಬೇರೆಯವರು 60% ಅಂಕ ಪಡೆದಿದ್ದರೆ ಸಿ.ಎ.ಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೇಟ್‌ಗೆ ಹೋಗಬಹುದು.

ಪೂರ್ತಿ ಫೀಸನ್ನು ಸಾಲದಿಂದ ಕಟ್ಟಬೇಕಿದ್ದರೆ ಮಾತ್ರ ಬೇಡ ಅನ್ನುತ್ತೇನೆ. ನಾನು ಹೊರಟಿದ್ದು ಖರ್ಚಿನ ಬಹುಪಾಲನ್ನು ಕಾಲೇಜೇ ಹೊರುತ್ತದೆ ಅನ್ನುವ ಪತ್ರ ಕೈಗೆ ಬಂದ ಮೇಲೆ. ಅಪ್ಪ ಅದನ್ನು ಮೂರು ಸಲ ಓದಿಸಿ ಕೇಳಿದರು. ನೀವು ನೋಡಿರುವ ಕಾಲೇಜುಗಳ ಹೆಸರು ಇಲ್ಲಿ ಹಾಕಿ, ಅವುಗಳ ಕೋರ್ಸ್ ಪಟ್ಟಿ ಕೂತು ನೋಡಿ ಹೇಳುತ್ತೇನೆ.