ಎಂಆರ್‌ಐ ನಾರ್ಮಲ್ ಬಂದರೆ ಗೀಳು ಕಾಯಿಲೆ ಇಲ್ಲವೆಂದೇ?

ಪ್ರಶ್ನೆ: ನನ್ನ 22 ವರ್ಷದ ಮಗಳಿಗೆ ಗೀಳು ಕಾಯಿಲೆ, ಅಂದರೆ ಒಸಿಡಿ, ಇದೆಯೆಂದು ಮಂಗಳೂರಿನ ಮನೋವೈದ್ಯರು ಹೇಳಿದ್ದಾರೆ. ಬಾವಿಯ ಹಗ್ಗ ಮುಟ್ಟಿದರೂ ಅರ್ಧ ಗಂಟೆ ಕೈ ತೊಳೆಯುತ್ತಾಳೆ. ಆಮೇಲೆ ನಲ್ಲಿ ಮುಟ್ಟಲಾರದೆ, ಅದನ್ನು ನಿಲ್ಲಿಸಲು ನನ್ನನ್ನು ಕರೆಯುತ್ತಾಳೆ. ಈ ಕಾಯಿಲೆಯವರ ಮಿದುಳಿನ ರಚನೆಯೇ ಬೇರೆ ಎಂದು ಓದಿ, ನಾವೇ ಒತ್ತಾಯಿಸಿ ಎಂಆರ್‌ಐ ಮಾಡಿಸಿದೆವು. ವರದಿ ನಾರ್ಮಲ್. ‘ಕಾಯಿಲೆಯೂ ಇಲ್ಲ, ಏನೂ ಇಲ್ಲ, ಮಡಿ ಹೆಚ್ಚಾಗಿದೆ ಅಷ್ಟೆ’ ಎನ್ನುತ್ತಾರೆ ಅವಳ ತಂದೆ. ಯಾವುದನ್ನು ನಂಬಲಿ?
– ಒಬ್ಬ ತಾಯಿ, ಉಡುಪಿ

ಉತ್ತರ: ವರದಿಯನ್ನೂ ನಂಬಿ, ವೈದ್ಯರನ್ನೂ ನಂಬಿ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಮುಂತಾದವು ಕಾಣಲಿಲ್ಲ ಎಂಬುದಷ್ಟೇ ಆ ‘ನಾರ್ಮಲ್’ನ ಅರ್ಥ. ಒಸಿಡಿಯಲ್ಲಿ ಕಂಡುಬಂದಿರುವ ವ್ಯತ್ಯಾಸಗಳು, ಬಹಳಷ್ಟು ಜನರ ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಅಳೆದು ಸರಾಸರಿ ತೆಗೆದಾಗ ಮಾತ್ರ ಹೊರಬೀಳುವಷ್ಟು ಸೂಕ್ಷ್ಮವಾದವು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರೂ ಇದ್ದ ‘ಎನಿಗ್ಮಾ’ ಎಂಬ ಅಂತರರಾಷ್ಟ್ರೀಯ ತಂಡ 1,800ಕ್ಕೂ ಹೆಚ್ಚು ರೋಗಿಗಳ ಸ್ಕ್ಯಾನ್‌ಗಳನ್ನು ಆರೋಗ್ಯವಂತರವುಗಳೊಂದಿಗೆ ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಕ ರೋಗಿಗಳ ಮಿದುಳಿನ ಆಳದ ಭಾಗಗಳಲ್ಲಿ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ತುಸು ಚಿಕ್ಕದಾಗಿಯೂ ಪ್ಯಾಲಿಡಮ್ ತುಸು ದೊಡ್ಡದಾಗಿಯೂ ಇತ್ತು. ಔಷಧ ಸೇವಿಸದ ಮಕ್ಕಳಲ್ಲಿ ಅಂಥದೇ ಇನ್ನೊಂದು ಭಾಗವಾದ ಥಲಾಮಸ್ ದೊಡ್ಡದಿತ್ತು. ಇವು ಕಾಯಿಲೆಗೆ ಕಾರಣವೋ, ಕಾಯಿಲೆಯ ಅಥವಾ ಔಷಧದ ಪರಿಣಾಮವೋ ಎಂಬುದು ಆ ಅಳತೆಗಳಿಂದ ತಿಳಿಯುವುದಿಲ್ಲ. ಒಬ್ಬರ ಸ್ಕ್ಯಾನ್ ನೋಡಿ ಒಸಿಡಿ ಇದೆ ಅಥವಾ ಇಲ್ಲ ಎಂದು ಹೇಳಲು ಯಾರಿಂದಲೂ ಆಗದು. ರೋಗನಿರ್ಣಯ ನಡೆಯುವುದು ರೋಗಿಯೊಡನೆ ಕುಳಿತು ಮಾತನಾಡಿ. ಇನ್ನೊಂದು ಸ್ಕ್ಯಾನಿಗೆ ದಯವಿಟ್ಟು ಹಣ ಸುರಿಯಬೇಡಿ.

ನನ್ನ ದೃಷ್ಟಿಯಲ್ಲಿ ಗಾತ್ರಕ್ಕಿಂತ ಮುಖ್ಯವಾದುದು, ಹಣೆಯ ಹಿಂಭಾಗದ ಆರ್ಬಿಟೋಫ್ರಾಂಟಲ್ ಭಾಗ, ಆಳದ ಕಾಡೇಟ್ ಮತ್ತು ಥಲಾಮಸ್‌ಗಳನ್ನು ಜೋಡಿಸುವ ನರಜಾಲದ ಕೆಲಸ. ಒಸಿಡಿಯಲ್ಲಿ ಈ ಜಾಲ ಅತಿಯಾಗಿ ಚುರುಕಾಗಿರುವುದರಿಂದ ‘ಇನ್ನೂ ಶುದ್ಧವಾಗಿಲ್ಲ’ ಎಂಬ ಎಚ್ಚರಿಕೆ ತಣಿಯುವುದೇ ಇಲ್ಲವೆಂದು ವಿವರಿಸಲಾಗುತ್ತದೆ. 1992ರಲ್ಲಿ ಅಮೆರಿಕದಲ್ಲಿ ನಡೆದ, ಮಿದುಳಿನ ಚಟುವಟಿಕೆಯನ್ನು ಅಳೆಯುವ ಪೆಟ್ ಸ್ಕ್ಯಾನ್ ಅಧ್ಯಯನವೊಂದು ಚಿಕ್ಕದಾದರೂ ನಿಮಗೆ ಧೈರ್ಯ ಕೊಡಬಲ್ಲದು: ಫ್ಲುಯಾಕ್ಸೆಟಿನ್ ಮಾತ್ರೆಯಿಂದ ಚೇತರಿಸಿಕೊಂಡವರಲ್ಲಿ ಮಾತ್ರವಲ್ಲ, ಕೇವಲ ವರ್ತನಾ ಚಿಕಿತ್ಸೆಯಿಂದ ಚೇತರಿಸಿಕೊಂಡವರಲ್ಲಿಯೂ ಕಾಡೇಟಿನ ಚಟುವಟಿಕೆ ತಗ್ಗಿತ್ತು.

ಇನ್ನು ಮಡಿಯ ಮಾತು. ನಮ್ಮ ಕಡೆಯ ಮನೆಗಳಲ್ಲಿ ಈ ವಿವರಣೆಯೇ ಚಿಕಿತ್ಸೆಯನ್ನು ಮುಂದೂಡುವುದುಂಟು. ಮಡಿಗೆ ಒಂದು ಕ್ರಮವಿದೆ, ಸ್ನಾನವಾಗಿ ಒಗೆದ ಬಟ್ಟೆ ಉಟ್ಟರೆ ಅದು ಮುಗಿಯುತ್ತದೆ. ನಿಮ್ಮ ಮಗಳ ಕೈತೊಳೆತಕ್ಕೆ ಆ ಮುಕ್ತಾಯವೇ ಸಿಗುತ್ತಿಲ್ಲ. ನೀವು ನಲ್ಲಿ ನಿಲ್ಲಿಸಿದಾಗ ಅವಳಿಗೆ ಆ ಗಳಿಗೆಗೆ ಸಮಾಧಾನವಾದರೂ ಗೀಳು ಬಲಿಯುತ್ತದೆ. ಹಾಗೆಂದು ನಾಳೆಯಿಂದಲೇ ಗದರಿಸಿ ನಿಲ್ಲಿಸಬೇಡಿ; ಈ ನೆರವನ್ನು ಹಂತಹಂತವಾಗಿ ಹೇಗೆ ಹಿಂತೆಗೆದುಕೊಳ್ಳಬೇಕೆಂಬುದನ್ನು ಮಗಳ ಒಪ್ಪಿಗೆಯೊಂದಿಗೆ ಚಿಕಿತ್ಸಕರ ಬಳಿ ಗೊತ್ತುಮಾಡಿಕೊಳ್ಳಿ, ಸಾಧ್ಯವಾದರೆ ಅವಳ ತಂದೆಯನ್ನೂ ಜೊತೆಗೆ ಕರೆದೊಯ್ಯಿರಿ. ಮಾತ್ರೆ ಕೊಟ್ಟಿದ್ದರೆ, ಸರಿಯಾದ ಪ್ರಮಾಣದಲ್ಲಿಯೂ ಅದರ ಗುಣ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಅದಕ್ಕೆ ಮೊದಲು ಫಲವಿಲ್ಲವೆಂದು ನೀವಾಗಿಯೇ ಬಿಡಿಸಬೇಡಿ.