ಕೀಟೊದಲ್ಲಿ ಕಡಿಮೆ ಬೆಲೆಯ ರೂಮು: ಮೇಷ್ಟ್ರ ಪ್ರಶ್ನೆಗೆ ಉತ್ತರ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆ ಮೊನ್ನೆಯೇ ನೋಡಿದ್ದೆ. ಮೊಬೈಲ್‌ನಲ್ಲಿ ಇಷ್ಟುದ್ದ ಕುಟ್ಟೋಕೆ ಬೇಜಾರಾಗಿ ಭಾನುವಾರಕ್ಕೆ ಇಟ್ಟುಕೊಂಡೆ. ಪ್ರಶ್ನೆ ನೋಡದವರಿಗೆ ಎರಡು ಮಾತು: ಮೇಷ್ಟ್ರು, ಅಮ್ಮಾವ್ರು ಇಬ್ಬರೂ ಜುಲೈನಲ್ಲಿ ಹಮ್ಮಿಂಗ್‌ಬರ್ಡ್ ನೋಡೋಕೆ ಈಕ್ವೆಡಾರ್‌ಗೆ ಹೊರಟಿದ್ದಾರೆ. ರಾಜಧಾನಿ ಕೀಟೊದಲ್ಲಿ ಐದು ರಾತ್ರಿ ಉಳಿಯಬೇಕು. ಹಳೇ ಪೇಟೆಯಲ್ಲಿ ರಾತ್ರಿಗೆ 18 ಡಾಲರ್‌ನ ರೂಮು ಕಣ್ಣಿಗೆ ಬಿದ್ದಿದೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ತಾರಸಿಯಿಂದ ಇಡೀ ಊರು ಕಾಣುತ್ತದೆ. ಹಿಡಿಯಲೋ ಬಿಡಲೋ ಅಂತ ಕೇಳಿದ್ದಾರೆ.

ಬಿಡಿ ಮೇಷ್ಟ್ರೇ. ಆ ರೂಮಿನ ಫೋಟೋ ನೋಡಲೇಬೇಡಿ, ಮೆಟ್ಟಿಲು ಎಣಿಸಿ.

ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕೀಟೊ ಊರು ಕೂತಿರುವುದೇ 2,850 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ ತುದಿಯ ಮೇಲೆ ಇನ್ನೂ 900 ಮೀಟರ್ ಏರಿ, ಅಲ್ಲಿ ಒಂದು ನಗರ ಕಟ್ಟಿದ್ದಾರೆ ಅಂದುಕೊಳ್ಳಿ. ಅಷ್ಟು ಮೇಲೆ ಗಾಳಿ ತೆಳು. ಹಕ್ಕಿ ಹಿಂದೆ ಬಿದ್ದು ಗುಡ್ಡ ಹತ್ತಿದ ಕಾಲು ನನ್ನದು, ನನಗೇನಾಗುತ್ತೆ ಅಂತ ನಾನೂ ಮೊದಲ ಸಲ ಮೂರನೇ ಮಹಡಿ ಹಿಡಿದಿದ್ದೆ. ಟ್ರೈಪಾಡು, ಲೆನ್ಸ್ ಬ್ಯಾಗು ಹೊತ್ತು ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಗೋಡೆಗೆ ಒರಗಿ ನಿಂತೆ. ಕೌಂಟರಿನ ಹುಡುಗಿ ಕೆಳಗಿನಿಂದ ಏನೋ ಕೂಗಿದಳು. ಉಸಿರು ಬಂದಮೇಲೆ ಅರ್ಥ ಆಯಿತು, "ನಿಧಾನ, ನಿಧಾನ" ಅಂದಿದ್ದಳು. ಅವತ್ತು ರಾತ್ರಿ ತಲೆನೋವು. ಮಾರನೇ ದಿನ ಅರ್ಧ ಹಾಸಿಗೆಯಲ್ಲೇ ಹೋಯಿತು. ಉಳಿಸಿದ್ದು ರಾತ್ರಿಗೆ ಆರು ಡಾಲರ್, ಕಳೆದುಕೊಂಡದ್ದು ಒಂದು ಇಡೀ ಬೆಳಗಿನ ಹಕ್ಕಿ.

ಆದ್ದರಿಂದ ನೆಲಮಹಡಿ ಕೇಳಿ. ಸ್ಪ್ಯಾನಿಷಿನಲ್ಲಿ 'ಪ್ಲಾಂತಾ ಬಾಹಾ' ಅನ್ನುತ್ತಾರೆ. ಅದು ಖಾಲಿ ಇಲ್ಲದಿದ್ದರೆ ಮೊದಲ ಮಹಡಿ. ಅದರ ಮೇಲೆ ಬೇಡ.

ಇನ್ನೊಂದು ಉಪಾಯ ಇದೆ. ವಿಮಾನ ನಿಲ್ದಾಣ ಊರೊಳಗಿಲ್ಲ. 2013ರಲ್ಲಿ ಪೂರ್ವಕ್ಕಿರುವ ತಬಬೇಲಾ ಅನ್ನೋ ಕಡೆಗೆ ಸ್ಥಳಾಂತರ ಮಾಡಿದರು. ಆ ಜಾಗ ಸುಮಾರು 2,400 ಮೀಟರ್, ಅಂದರೆ ಊರಿಗಿಂತ 450 ಮೀಟರ್ ತಗ್ಗು. ನೀವು ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋದರೂ ಮ್ಯಾಡ್ರಿಡ್ ಮೇಲೆ ಹೋದರೂ ಇಳಿಯುವ ಹೊತ್ತಿಗೆ ಮೈ ನುಚ್ಚುನೂರು. ಮೊದಲ ರಾತ್ರಿ ತಬಬೇಲಾದಲ್ಲೋ ಪಕ್ಕದ ಪುವೆಂಬೊದಲ್ಲೋ ಒಂದು ಸಣ್ಣ ತಂಗುಮನೆಯಲ್ಲಿ ಮಲಗಿಬಿಡಿ. ಎಷ್ಟೋ ಮನೆಗಳಿಗೆ ತೋಟ ಇದೆ, ಬೆಳಿಗ್ಗೆ ಎದ್ದು ಕಾಫಿ ಹಿಡಿದು ಕೂತರೆ ಹಕ್ಕಿ ತಾನಾಗಿ ಬರುತ್ತದೆ. ಮಧ್ಯಾಹ್ನ ಊರಿಗೆ ಹೋಗಿ. ನಾನು ಹೋದಾಗ ನಿಲ್ದಾಣದಿಂದ ಊರಿಗೆ ಟ್ಯಾಕ್ಸಿ 25 ಡಾಲರ್ ಆಸುಪಾಸು, ಬಸ್ಸಾದರೆ 2 ಡಾಲರ್. ಲಗೇಜು ಇರುವ ಇಬ್ಬರು ಟ್ಯಾಕ್ಸಿನೇ ಮಾಡಿ, ಜಿಪುಣತನ ಬೇಡ.

ಈಗ ಯಾವ ಏರಿಯಾ ಅನ್ನೋದು. ಹಳೇ ಪೇಟೆ ಚೆಂದವೋ ಚೆಂದ, ಅದರಲ್ಲಿ ಎರಡು ಮಾತಿಲ್ಲ. 1978ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮೊದಲ ಪಟ್ಟಿ ಮಾಡಿದಾಗಲೇ ಪೋಲೆಂಡಿನ ಕ್ರಾಕೊವ್ ಜೊತೆ ಕೀಟೊ ಹೆಸರೂ ಇತ್ತು. ಅಲ್ಲಿನ ಹಳೆಯ ಮನೆಗಳು ಥೇಟ್ ನಮ್ಮ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬದ ಜಗಲಿ, ಜಗಲಿಗೆ ಸಾಲಾಗಿ ಕೋಣೆ. ಇಂಥ ಎಷ್ಟೋ ಮನೆ ಈಗ ತಂಗುಮನೆ ಆಗಿವೆ. ತೊಟ್ಟಿ ಮನೆಯ ಸುಖ ಗೊತ್ತಿದ್ದವರಿಗೆ ಅದರ ಕಷ್ಟವೂ ಗೊತ್ತು, ಅಲ್ವಾ? ಒಬ್ಬ ಕೆಮ್ಮಿದರೆ ಮನೆಯೆಲ್ಲ ಏಳುತ್ತದೆ. ಅಂಗಳದ ಕಡೆಯ ರೂಮಿಗೆ ಕಿಟಕಿ ಇದ್ದರೂ ಬೆಳಕು ಕಮ್ಮಿ, ಬೀದಿ ಕಡೆಯದಕ್ಕೆ ಬೆಳಕಿದೆ, ಬಸ್ಸಿನ ಸದ್ದೂ ಇದೆ. ನಿದ್ದೆ ಮುಖ್ಯ ಅನ್ನುವವರು ಅಂಗಳದ ಕಡೆಯದನ್ನೇ ತಗೊಳ್ಳಿ. ಆದರೆ ಕತ್ತಲಾದಮೇಲೆ ಹಳೇ ಪೇಟೆಯ ಬೀದಿಗಳು ಬೇಗ ಖಾಲಿಯಾಗುತ್ತವೆ. ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ಜಾಗ ಅಲ್ಲ.

ಮಾರಿಸ್ಕಾಲ್ ಅನ್ನೋ ಏರಿಯಾದಲ್ಲಿ ಅಗ್ಗದ ಹಾಸ್ಟೆಲ್ ಜಾಸ್ತಿ, ರಾತ್ರಿ ಗದ್ದಲವೂ ಜಾಸ್ತಿ. ನಿಮ್ಮಿಬ್ಬರಿಗೆ ಅದು ಬೇಡ. ನಾನು ಎರಡನೇ ಸರ್ತಿ ಉಳಿದದ್ದು ಪಕ್ಕದ ಫ್ಲೋರೆಸ್ತಾದಲ್ಲಿ. ಮನೆಗಳೇ ಹೆಚ್ಚಿರುವ ಬೀದಿ, ಸಣ್ಣ ಹೋಟೆಲ್ಲುಗಳಿವೆ, ಸಂಜೆ ಜನ ನಾಯಿ ಹಿಡಿದು ಓಡಾಡುತ್ತಾರೆ. ಇಬ್ಬರಿಗೆ ಸ್ವಂತ ಬಚ್ಚಲಿನ ರೂಮು, ತಿಂಡಿ ಸೇರಿ 32 ಡಾಲರ್ ಕೊಟ್ಟೆ. ನಿಮ್ಮ 18ಕ್ಕೆ ಹೋಲಿಸಿದರೆ ಜಾಸ್ತಿನೇ. ಆದರೂ ನನ್ನ ಓಟು ಇದಕ್ಕೆ, ಇಲ್ಲವೇ ಕರೊಲಿನಾ ಪಾರ್ಕಿನ ಸುತ್ತಮುತ್ತ. ಆ ಪಾರ್ಕಿನಲ್ಲೇ ಬೊಟಾನಿಕಲ್ ಗಾರ್ಡನ್ ಇದೆ. ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವ ಎರಡು ದಿನ ಸುಮ್ನೆ ಅಲ್ಲಿ ಬೆಂಚಿನ ಮೇಲೆ ಕೂರಿ. ಸ್ಪಾರ್ಕ್ಲಿಂಗ್ ವಯಲೆಟ್‌ಇಯರ್ ಅನ್ನೋ ಹಮ್ಮಿಂಗ್‌ಬರ್ಡ್ ಹೂವಿಗೆ ಜಗಳ ಆಡುತ್ತಿರುತ್ತದೆ. ಅದೃಷ್ಟ ಇದ್ದರೆ ಮೈಗಿಂತ ಬಾಲ ಉದ್ದ ಇರುವ ಬ್ಲ್ಯಾಕ್-ಟೇಲ್ಡ್ ಟ್ರೇನ್‌ಬೇರರ್ ಕೂಡ. ನಮ್ಮ ಸೂರಕ್ಕಿ ಎಷ್ಟೇ ಚುರುಕಾಗಿದ್ದರೂ ಇವುಗಳ ಮುಂದೆ ಸೋಮಾರಿ ಅನಿಸುತ್ತದೆ.

ಹಳೇ ಪೇಟೆಯನ್ನು ಹಗಲು ಹೋಗಿ ನೋಡಿ. 2023ರ ಡಿಸೆಂಬರಿನಿಂದ ಮೆಟ್ರೊ ಓಡುತ್ತಿದೆ, 15 ನಿಲ್ದಾಣ, ಸುಮಾರು 22 ಕಿಲೋಮೀಟರ್, ನಾನು ಹೋದಾಗ ಟಿಕೆಟ್ 45 ಸೆಂಟು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಮೇಲೆ ಬಂದರೆ ಹಳೇ ಪೇಟೆಯ ನಡುವಿನ ಚೌಕದಲ್ಲೇ ಇರುತ್ತೀರಿ. ಹಳೇ ಪೇಟೆಯ ಪಕ್ಕದ ಪನೆಸಿಯೊ ಗುಡ್ಡಕ್ಕೆ ಮಾತ್ರ ನಡೆದು ಹತ್ತಬೇಡಿ, ದಾರಿಯಲ್ಲಿ ಕಳ್ಳರ ಕಾಟ. ಟ್ಯಾಕ್ಸಿಯಲ್ಲಿ ಹೋಗಿ, ಅದನ್ನೇ ನಿಲ್ಲಿಸಿಕೊಂಡು ವಾಪಸ್ ಬನ್ನಿ. 2024ರ ಜನವರಿಯಲ್ಲಿ ಗ್ಯಾಂಗುಗಳ ಹಾವಳಿಗೆ ಅಲ್ಲಿನ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿದ್ದು ನೆನಪಿರಬಹುದು. ಕರಾವಳಿಯ ಕಡೆ ತೊಂದರೆ ಹೆಚ್ಚು. ಕೀಟೊದಲ್ಲಿ ನನಗೇನೂ ಆಗಲಿಲ್ಲ. ಆದರೂ ಹೊರಡುವ ವಾರದ ಸುದ್ದಿ ಓದಿಕೊಳ್ಳಿ, ರಾತ್ರಿ ಓಡಾಟಕ್ಕೆ ಹೋಟೆಲಿನವರ ಕೈಲೇ ಟ್ಯಾಕ್ಸಿ ಕರೆಸಿ.

ಬುಕ್ ಮಾಡುವಾಗ ಹೆಸರಿನ ಕಡೆ ಒಂದು ಕಣ್ಣಿರಲಿ. ಅಲ್ಲಿ 'ಓಸ್ತಾಲ್' ಅಂದರೆ ಸಣ್ಣ ತಂಗುಮನೆ, ಮರ್ಯಾದಸ್ತ ಜಾಗ, ಸ್ವಂತ ರೂಮು ಸಿಗುತ್ತದೆ. 'ಮೋಟೆಲ್' ಅಂತ ಬೋರ್ಡಿದ್ದರೆ ಅದು ಗಂಟೆ ಲೆಕ್ಕದಲ್ಲಿ ಜೋಡಿಗಳಿಗೆ ಕೊಡುವ ಜಾಗ. ನಮ್ಮ ಗುಂಪಿನ ಒಬ್ಬ ಮಹಾನುಭಾವ ಅಗ್ಗ ಅಂತ ಅಲ್ಲಿಗೇ ಹೋಗಿ ಬೈನಾಕ್ಯುಲರ್ ಸಮೇತ ನಿಂತಿದ್ದ, ಹೆಸರು ಹೇಳಲ್ಲ. 'ಮಾತ್ರಿಮೋನಿಯಾಲ್' ಅಂದರೆ ಒಂದೇ ದೊಡ್ಡ ಮಂಚ. ಎರಡು ಮಂಚ ಬೇಕಾದರೆ 'ದೋಸ್ ಕಾಮಾಸ್' ಅನ್ನಿ.

ಬಿಸಿನೀರಿನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ಎಲ್ಲರೂ ಬೇಸ್ತು ಬೀಳುತ್ತಾರೆ. ನಲ್ಲಿಯ ಮೇಲೆ 'ಸಿ' ಅಂತ ಇದ್ದರೆ ಅದು ತಣ್ಣೀರಲ್ಲ. ಕಲಿಯೆಂತೆ, ಅಂದರೆ ಬಿಸಿ. 'ಎಫ್' ಅಂದರೆ ಫ್ರಿಯೊ, ತಣ್ಣಗೆ. ಮೊದಲ ದಿನ ಹತ್ತು ನಿಮಿಷ 'ಎಫ್' ನಲ್ಲಿ ತಿರುಗಿಸಿಕೊಂಡು ಬಿಸಿ ಬರಲಿ ಅಂತ ಚಳಿಯಲ್ಲಿ ನಿಂತಿದ್ದೆ. ಕೆಲವು ಕಡೆ ಶವರಿನ ತಲೆಯೊಳಗೇ ಕಾಯಿಲ್ ಇರುತ್ತದೆ, ವೈರು ಹೊರಗೇ ಕಾಣುತ್ತದೆ. ನೀರು ಜೋರಾಗಿ ಬಿಟ್ಟರೆ ತಣ್ಣಗೆ, ಸಣ್ಣಗೆ ಬಿಟ್ಟರೆ ಬಿಸಿ. ಒದ್ದೆ ಕೈಯಲ್ಲಿ ಅದರ ಸ್ವಿಚ್ ಮುಟ್ಟಬೇಡಿ. ಗ್ಯಾಸಿನಿಂದ ಕಾಯಿಸುವ 'ಕಲೆಫೋನ್' ಇರುವ ಜಾಗ ಸಿಕ್ಕರೆ ಅದೇ ಒಳ್ಳೆಯದು.

ಗ್ಯಾಸ್ ಯಾಕೆ ಅಂದೆ ಅಂದರೆ, ನಾನು ಎರಡನೇ ಸಲ ಹೋದದ್ದು 2024ರ ನವೆಂಬರಿನಲ್ಲಿ. ಆ ದೇಶದ ಕರೆಂಟಿನ ಬಹುಪಾಲು ನೀರಿನಿಂದಲೇ ಬರುವುದು. ಬರ ಬಿದ್ದು ಅಣೆಕಟ್ಟು ಇಳಿದಿತ್ತು. ಅಕ್ಟೋಬರ್ ಕೊನೆಯ ಹೊತ್ತಿಗೆ ದಿನಕ್ಕೆ 14 ಗಂಟೆವರೆಗೆ ಕರೆಂಟು ತೆಗೆಯುವ ಸ್ಥಿತಿ. ಏರಿಯಾವಾರು ಟೈಮ್‌ಟೇಬಲ್ ಬರುತ್ತಿತ್ತು. ಹೋಟೆಲಿನ ಅಜ್ಜಿ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದರು. ನಮ್ಮ ಲೋಡ್ ಶೆಡ್ಡಿಂಗ್ ಕಂಡವನಿಗೆ ಮನೆ ನೆನಪಾಯಿತು. ಡಿಸೆಂಬರಿನಲ್ಲಿ ಅದು ನಿಂತಿತು. ಆದರೂ ಪವರ್ ಬ್ಯಾಂಕು, ಹೆಡ್‌ಟಾರ್ಚು ಒಯ್ಯಿರಿ. ಬುಕ್ ಮಾಡುವ ಮುಂಚೆ ಜನರೇಟರ್ ಇದೆಯಾ ಅಂತ ಒಂದು ಮಾತು ಕೇಳಿಬಿಡಿ.

ಕರೆಂಟಿನದೇ ಇನ್ನೊಂದು ಸಂಗತಿ, ಇದು ಅಮ್ಮಾವ್ರಿಗೆ. ಅಲ್ಲಿ 120 ವೋಲ್ಟ್, ಪ್ಲಗ್ಗಿಗೆ ಚಪ್ಪಟೆ ಕಡ್ಡಿ ಎರಡು. ಕ್ಯಾಮೆರಾ, ಮೊಬೈಲ್ ಚಾರ್ಜರಿಗೆ ಅಡಾಪ್ಟರ್ ಸಾಕು. ಚಾರ್ಜರ್ ಮೇಲೆ 100-240 ಅಂತ ಬರೆದಿದೆಯಾ ನೋಡಿಕೊಳ್ಳಿ. ಆದರೆ ಉಪ್ಪಿಟ್ಟಿಗೆ ಅಂತ ಇಲ್ಲಿನ ಎಲೆಕ್ಟ್ರಿಕ್ ಕೆಟಲ್ ಒಯ್ಯಬೇಡಿ. 230 ವೋಲ್ಟಿನ ಕಾಯಿಲ್‌ಗೆ 120 ಕೊಟ್ಟರೆ ಶಕ್ತಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಸಾವಿರ ವ್ಯಾಟಿನದು 270ರ ಹತ್ತಿರ ಉಸಿರುಬಿಡುತ್ತಾ ಕೂರುತ್ತದೆ. ಜೊತೆಗೆ ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಇಟ್ಟ ಬೇಳೆ ಬೇಯುವುದೇ ಇಲ್ಲ ಅನಿಸುತ್ತದೆ. ಅಡುಗೆಮನೆ ಬಳಸಲು ಬಿಡುವ ತಂಗುಮನೆಯಾದರೆ ಕುಕ್ಕರ್ ಇದೆಯಾ ಕೇಳಿ, 'ಓಯಾ ದೆ ಪ್ರೆಸಿಯೋನ್' ಅಂತ.

ಊಟಕ್ಕೆ ಹೆದರಬೇಡಿ, ನಾವೂ ಸಸ್ಯಾಹಾರಿಗಳೇ, ಬದುಕಿ ಬಂದಿದ್ದೇವೆ. ಲೊಕ್ರೊ ದೆ ಪಾಪಾ ಅಂದರೆ ಆಲೂಗಡ್ಡೆಯ ಗಟ್ಟಿ ಸೂಪು, ಮೇಲೆ ಚೀಸು, ಬೆಣ್ಣೆಹಣ್ಣು. ಮೆನೆಸ್ತ್ರಾ ಅಂದರೆ ಬೇಳೆಯದೋ ಹುರುಳಿಕಾಯಿ ಬೀಜದ್ದೋ ಗಟ್ಟಿ ಸಾರು, ಅನ್ನದ ಜೊತೆ. ಉಮಿತಾ ಅಂದರೆ ಹಸಿ ಮುಸುಕಿನ ಜೋಳ ರುಬ್ಬಿ ಅದರ ಸಿಪ್ಪೆಯಲ್ಲೇ ಸುತ್ತಿ ಬೇಯಿಸಿದ್ದು. ನಮ್ಮ ಅರಿಶಿನ ಎಲೆ ಕಡುಬಿನ ದೂರದ ನೆಂಟ. ಖಾರ ಬೇಕಾದರೆ ಮೇಜಿನ ಮೇಲೆ 'ಆಹಿ' ಬಟ್ಟಲು ಇರುತ್ತದೆ. ಆದರೆ 'ಕಾರ್ನೆ ಬೇಡ', ಅಂದರೆ ಮಾಂಸ ಬೇಡ, ಅಂದರಷ್ಟೇ ಸಾಲದು, ಅವರ ಲೆಕ್ಕದಲ್ಲಿ ಕೋಳಿ ಕಾರ್ನೆ ಅಲ್ಲ! 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ' (ಮಾಂಸ, ಕೋಳಿ, ಮೀನು ಇಲ್ಲದೆ) ಅಂತ ಮೂರನ್ನೂ ಒಟ್ಟಿಗೆ ಹೇಳಿ. ಸೂಪಿನ ಕೆಳಗೆ ಮೂಳೆಯ ನೀರು ಇರಬಹುದು, ತುಂಬಾ ಕಟ್ಟುನಿಟ್ಟಿನವರು ಕೇಳಿಕೊಳ್ಳಿ.

ಚಿಲ್ಲರೆ ಮಾತುಗಳು. ರಾತ್ರಿ ಚಳಿ 10 ಡಿಗ್ರಿ ಹತ್ತಿರ, ಅಗ್ಗದ ರೂಮಿನಲ್ಲಿ ಹೀಟರ್ ಇರುವುದಿಲ್ಲ. 'ಉನಾ ಕೊಬಿಹಾ ಮಾಸ್' ಅಂದರೆ ಇನ್ನೊಂದು ಕಂಬಳಿ ಕೊಡುತ್ತಾರೆ. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಬೇಡಿ, ಪಕ್ಕದ ಬುಟ್ಟಿಗೆ. ಆ ದೇಶಕ್ಕೆ ಸ್ವಂತ ನೋಟಿಲ್ಲ, 2000ನೇ ಇಸವಿಯಿಂದ ಅಮೆರಿಕದ ಡಾಲರೇ. ಆದರೆ 50, 100ರ ನೋಟು ಕೊಟ್ಟರೆ ಅಂಗಡಿಯವರು ಮುಖ ತಿರುಗಿಸುತ್ತಾರೆ. ಇಲ್ಲಿಂದಲೇ 5, 10, 20ರ ನೋಟು ಮಾಡಿಸಿಕೊಂಡು ಹೋಗಿ.

ಹಕ್ಕಿಯವರಿಗೆ ಬೇರೆಯವರಿಗಿಲ್ಲದ ಒಂದು ತೊಂದರೆ ಇದೆ, ಬಾಗಿಲು. ಊರಾಚೆಯ ಹಕ್ಕಿಧಾಮ ಯನಕೋಚಾಕ್ಕೆ ಹೋಗುವ ದಿನ ನೀವು ಐದಕ್ಕೆ ಮುಂಚೆ ಹೊರಡಬೇಕು. ಸಣ್ಣ ಹೋಟೆಲಿನ ಮುಂಬಾಗಿಲಿಗೆ ರಾತ್ರಿ ಬೀಗ. ನನ್ನ ಮೊದಲ ಹೋಟೆಲಿನಲ್ಲಿ ಕಾವಲಿನವನನ್ನು ಎಬ್ಬಿಸೋಕೆ ಇಪ್ಪತ್ತು ನಿಮಿಷ ಬೇಕಾಯಿತು, ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಹಿಂದಿನ ರಾತ್ರಿಯೇ ಕೀಲಿ ಇಸ್ಕೊಳ್ಳಿ. ತಿಂಡಿ ಏಳೂವರೆಗೆ, ಅದೂ ನಿಮಗೆ ಸಿಗುವುದಿಲ್ಲ. 'ಪಾರಾ ಯೆವಾರ್' ಅಂದರೆ ಕಟ್ಟಿ ಕೊಡುತ್ತಾರೆ. ಮತ್ತೆ ಯನಕೋಚಾ ಸುಮಾರು 3,500 ಮೀಟರ್ ಎತ್ತರ, ದೇಹಕ್ಕಿಂತ ಕೊಕ್ಕು ಉದ್ದ ಇರುವ ಸ್ವೋರ್ಡ್-ಬಿಲ್ಡ್ ಹಮ್ಮಿಂಗ್‌ಬರ್ಡ್ ಅಲ್ಲಿ ಇರುತ್ತದೆ. ಆಸೆ ತಡೆಯಲಾರದೆ ಎರಡನೇ ದಿನವೇ ಓಡಬೇಡಿ. ಮೊದಲು ಕಾಡಿನ ನಡುವಿನ ಸಣ್ಣ ಊರು ಮಿಂಡೊಗೆ ಇಳಿಯಿರಿ, ಅದು 1,250 ಮೀಟರ್ ಆಸುಪಾಸು. ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ, ಉತ್ತರದ ಒಫೆಲಿಯಾ ನಿಲ್ದಾಣದಿಂದ ಹೊರಡುತ್ತದೆ. ಅಲ್ಲಿ ಎರಡು ಮೂರು ರಾತ್ರಿ ಇದ್ದು ವಾಪಸ್ ಬಂದಮೇಲೆ ಯನಕೋಚಾ. ಮಿಂಡೊಗೆ ಹೋಗುವಾಗ ದೊಡ್ಡ ಪೆಟ್ಟಿಗೆಯನ್ನು ಕೀಟೊದ ಹೋಟೆಲಿನಲ್ಲೇ ಬಿಡಬಹುದು, ದುಡ್ಡು ಕೇಳುವುದು ಅಪರೂಪ. ಲೆನ್ಸು ಮಾತ್ರ ಬಿಡಬೇಡಿ.

ಕೊನೆಗೆ ಕಾಗದಪತ್ರ. 2019ರಿಂದ ಭಾರತೀಯರಿಗೆ ವೀಸಾ ಬೇಕು, ಅದು ಕೈಗೆ ಬರುವ ಮುಂಚೆ ವಾಪಸ್ ದುಡ್ಡು ಬಾರದ ರೂಮು ಬುಕ್ ಮಾಡಬೇಡಿ. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಳ್ಳಿ. ಅದು ಅಲ್ಲಿಗಿಂತ ಇಲ್ಲಿಗೇ ಬೇಕು. ಈಕ್ವೆಡಾರ್ ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ನೇರ ವಾಪಸ್ ಬಂದು ಇಳಿದಾಗ ಲಸಿಕೆ ಹಾಕಿಸಿಕೊಂಡ ದಾಖಲೆಯ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದವರೆಗೆ ಹಿಡಿದಿಡಬಹುದು. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮುಂಚೆ ಡಾಕ್ಟರು ಯೋಚಿಸುತ್ತಾರೆ, ಹಾಗಾಗಿ ಇಬ್ಬರೂ ಮೊದಲೇ ತೋರಿಸಿಕೊಳ್ಳಿ. ಬಿಪಿ ಮಾತ್ರೆ, ಎತ್ತರದ ತಲೆನೋವಿನ ಮಾತ್ರೆ ಎರಡನ್ನೂ ಅದೇ ಭೇಟಿಯಲ್ಲಿ ಕೇಳಿ.

ಫ್ಲೋರೆಸ್ತಾ ಕಡೆ ಎರಡು ಮೂರು ರೂಮು ಆರಿಸಿ ಇಲ್ಲೇ ಹಾಕಿ ಮೇಷ್ಟ್ರೇ, ಯಾವುದು ಎಷ್ಟನೇ ಮಹಡಿ ಅನ್ನೋದನ್ನೂ ಬರೆಯಿರಿ. ಅವರಿಗೆ ಕಳಿಸಬೇಕಾದ ಮೆಸೇಜನ್ನು ಸ್ಪ್ಯಾನಿಷಿನಲ್ಲಿ ನಾನೇ ಬರೆದುಕೊಡುತ್ತೇನೆ.